ಮಲೆನಾಡಿನ ಶ್ರೀಗಂಧ ಕಳ್ಳಸಾಗಣೆ

ಶ್ರೀಗಂಧದ ಕಳ್ಳಸಾಗಣೆ ಎಂದೊಡನೆ ನೆನಪಾಗುವುದು ಮಲೆ ಮಹದೇಶ್ವರ ಬೆಟ್ಟದ ಕಾಡು ಹಾಗೂ 2004ರ ಅಕ್ಟೋಬರ್ 18ರಂದು ತಮಿಳುನಾಡು ಪೊಲೀಸರ ಗುಂಡಿಗೆ ಬಲಿಯಾದ ವೀರಪ್ಪನ್. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಗಂಧಚೋರತನಕ್ಕೆ ಅಂಥ ಹೆಸರಾಂತ ನಾಯಕನಿಲ್ಲ. ಜಪಾನಿನ ಯಾಕುಜಾ, ಚೀನಾದ ಟ್ರಯಡ್‌ಗಳಂತೆ ದೀಕ್ಷಾವಿಧಿ, ಶ್ರೇಣಿಗಳುಳ್ಳ ಕೂಟವೂ ಇದಲ್ಲ. ಕಡಿಯುವವನು, ಹೊರುವವನು, ದಲ್ಲಾಳಿ, ಖರೀದಿದಾರ - ಹೀಗೆ ಸಾಗುವ ಸರಪಳಿಯಲ್ಲಿ ಸಿಕ್ಕಿಬೀಳುವವರು ಬಹುಮಟ್ಟಿಗೆ ಮೊದಲ ಇಬ್ಬರೇ.

ಕಳ್ಳತನದ ಬೇರು ಕಾನೂನಿನಲ್ಲೂ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮೈಸೂರು ಅರಸರು ಆ ಏಕಸ್ವಾಮ್ಯವನ್ನು ಮುಂದುವರಿಸಿದರು. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯೂ 1944ರಲ್ಲಿ ಶಿವಮೊಗ್ಗದಲ್ಲಿ ಗಂಧದೆಣ್ಣೆ ಕಾರ್ಖಾನೆಯೂ ಆರಂಭವಾದವು. ರೈತನ ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಮರವೂ ಸರ್ಕಾರದ್ದೇ ಆಗಿತ್ತು. ಅದು ಕಳುವಾದರೆ ವಿಚಾರಣೆ ಮಾತ್ರ ರೈತನ ಮನೆ ಬಾಗಿಲಿಗೆ! ಸಸಿಯನ್ನು ಕಂಡೊಡನೆ ಕಿತ್ತೆಸೆಯುವುದೇ ಕ್ಷೇಮವೆಂದು ಅನೇಕರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಂದ ತಿದ್ದುಪಡಿ ಭೂಮಾಲೀಕನಿಗೆ ಮರದ ಒಡೆತನ ನೀಡಿತಾದರೂ, ಕಡಿತಲೆ ಮತ್ತು ಮಾರಾಟಗಳು ಸರ್ಕಾರದ ನಿಯಂತ್ರಣದಲ್ಲೇ ಉಳಿದವು.

ಸುಗಂಧತೈಲವಿರುವುದು ಮರದ ಚೇಗಿನಲ್ಲಿ. ಬೇರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚು. ಆದ್ದರಿಂದಲೇ ನುರಿತ ಕಳ್ಳರು ಬುಡಕ್ಕೆ ಗಾಯಮಾಡಿ ಚೇಗು ಬಲಿತಿದೆಯೇ ಎಂದು ನೋಡುತ್ತಾರೆ. ಸದ್ದು ಕೇಳಿಸದಂತೆ ಕೈಗರಗಸದಿಂದ ಕೊಯ್ದು, ಸಮಯವಿದ್ದರೆ ಬೇರನ್ನೂ ಅಗೆಯುತ್ತಾರೆ. ಹೊರಪದರದ ಬಿಳಿಮರವನ್ನು ಕೆತ್ತಿ ಎಸೆದರೆ ಹೊರೆ ಹಗುರ, ಬೆಲೆ ಅಧಿಕ. ತುಂಡುಗಳು ಚಿಕ್ಕವಾದಷ್ಟೂ ಸಾಗಣೆ ಸುಲಭ. ಎಣ್ಣೆಯಾದ ಮೇಲಂತೂ ಅದು ಯಾವ ಕಾಡಿನದೆಂದು ಗುರುತಿಸುವುದು ಕಷ್ಟ. ಇದೇ ಅನುಕೂಲ ಈ ದಂಧೆಯನ್ನು ಗಡಿಯಾಚೆಗೂ ಬೆಳೆಸಿತು.

ಬಲಿತ ಮರಗಳನ್ನೇ ಆಯ್ದು ಕಡಿಯುವುದರಿಂದ ಬೀಜಕ್ಕೂ ಸಂಚಕಾರ. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಪಾಯದ ಅಂಚಿನ ಪಟ್ಟಿಗೆ ಸೇರಿಸಿತು. ಇದರ ಬಿಸಿ ಮೊದಲು ತಟ್ಟಿದ್ದು ಸಾಗರ, ಸೊರಬಗಳ ಗುಡಿಗಾರರಿಗೆ. ತಲೆಮಾರುಗಳಿಂದ ಗಂಧದಲ್ಲಿ ದೇವರನ್ನೂ ಆನೆಯನ್ನೂ ಕೆತ್ತಿದ ಈ ಕುಶಲಕರ್ಮಿಗಳು ಸರ್ಕಾರ ಒದಗಿಸುವ ಅಲ್ಪ ಮರಕ್ಕಾಗಿ ಕಾಯಬೇಕಾಯಿತು. ಹಲವರು ಅಗ್ಗದ ಬೇರೆ ಮರಗಳತ್ತ ಹೊರಳಿದರು. ಇತ್ತ ಗಂಧದ ತೋಟ ಮಾಡಿದ ಹೊಸ ಬೆಳೆಗಾರರು ಮರ ಬಲಿಯುವ ಹೊತ್ತಿಗೆ ಬೇಲಿ, ನಾಯಿ, ಕಾವಲುಗಾರ, ಕ್ಯಾಮೆರಾಗಳಿಗೆ ಹಣ ಹೊಂದಿಸಬೇಕಾಗಿದೆ.