ಹಡಗಿನ ಉಪ್ಪು

ಅಮೆರಿಕದ ಕಪ್ಪು ಜನಕ್ಕೆ ರಕ್ತದೊತ್ತಡ ಯಾಕೆ ಜಾಸ್ತಿ? 1991ರಲ್ಲಿ ವಿಲ್ಸನ್, ಗ್ರಿಮ್ ಎಂಬ ಇಬ್ಬರು ಒಂದು ಕಾರಣ ಮುಂದಿಟ್ಟರು. ಗುಲಾಮರನ್ನು ತುಂಬಿದ ಹಡಗುಗಳಲ್ಲಿ ಬೆವರು, ವಾಂತಿ, ಭೇದಿ. ಮೈಯ ಉಪ್ಪು ಸೋರಿದವರು ಸತ್ತರು, ಉಪ್ಪು ಹಿಡಿದಿಟ್ಟುಕೊಂಡ ಮೈಗಳು ಉಳಿದವು, ಅದೇ ಗುಣ ಮರಿಮಕ್ಕಳ ರಕ್ತಕ್ಕೂ ಇಳಿಯಿತು ಅಂತ.

ಹಡಗಿನ ನರಕ ಸುಳ್ಳಲ್ಲ. ಆದರೆ ಹುಟ್ಟಿನಲ್ಲೇ ಬಂದದ್ದು ಅಂತ ಯಾರಾದರೂ ಅಂದರೆ ನಮಗೆ ಅನುಮಾನ. ಆ ಮಾತನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಗುಲಾಮ ವ್ಯಾಪಾರದ ಲೆಕ್ಕ ಕೆದಕಿದ ಚರಿತ್ರಕಾರ ಫಿಲಿಪ್ ಕರ್ಟಿನ್ 1992ರಲ್ಲೇ ಬರೆದ: ಈ ಕಥೆಗೆ ಚರಿತ್ರೆಯ ಪುರಾವೆ ಇಲ್ಲ.

1997ರಲ್ಲಿ ರಿಚರ್ಡ್ ಕೂಪರ್ ಮತ್ತು ಸಂಗಡಿಗರು ಒಂದೇ ಮೂಲದ ಜನರನ್ನು ಮೂರು ಕಡೆ ಅಳೆದರು. ಒತ್ತಡವಿದ್ದವರು ಪಶ್ಚಿಮ ಆಫ್ರಿಕದಲ್ಲಿ ನೂರಕ್ಕೆ 16, ಕೆರಿಬಿಯನ್ ದ್ವೀಪಗಳಲ್ಲಿ 26, ಅಮೆರಿಕದಲ್ಲಿ 33. ದ್ವೀಪದವರನ್ನೂ ತಂದದ್ದು ಅಂಥದೇ ಹಡಗುಗಳಲ್ಲವೇ? ಮೈತೂಕ, ತಿನ್ನುವ ಉಪ್ಪು ಕೂಡ ಅದೇ ಮೆಟ್ಟಿಲು ಹತ್ತಿದ್ದವು.

ಜೀನಿನ ಕೈವಾಡವೇ ಇಲ್ಲ ಅಂತ ನಾವು ಹೇಳಲ್ಲ. ಲಿಡಲ್ ಎಂಬ ಅಪರೂಪದ ಕಾಯಿಲೆಯಲ್ಲಿ ಒಂದು ಜೀನ್ ಕೆಟ್ಟರೆ ಸಾಕು, ಮೂತ್ರಪಿಂಡ ಉಪ್ಪನ್ನು ಹೊರಗೆ ಬಿಡೋದಿಲ್ಲ. ಅದು ಬಿಳಿಯರ ಮನೆಯಲ್ಲೂ ಸಿಕ್ಕಿದೆ.

2007ರಲ್ಲಿ ಓಪ್ರಾ ವಿನ್‌ಫ್ರೇಯ ಟಿವಿ ಕಾರ್ಯಕ್ರಮದಲ್ಲಿ ಮತ್ತೆ ಅದೇ ಹಡಗಿನ ಕಥೆ.