ಹೊರಳು ಬಿಂದು: ಮಿತವ್ಯಯದ ದ್ವಿ-ಇಂಧನ ತಾಪನ ವ್ಯವಸ್ಥೆಯ ಆಯ್ಕೆಯ ಒಂದು ವಿಶ್ಲೇಷಣೆ

ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಗ್ಯಾಸ್ ಫರ್ನೇಸ್. ಬೇಸಿಗೆಯಲ್ಲಿ ಅದೇ ಡಕ್ಟ್‌ಗಳ ಮೂಲಕ ಸೆಂಟ್ರಲ್ ಏಸಿಯ ತಂಪುಗಾಳಿ ಹರಿಯುತ್ತದೆ. ಏಸಿ ಇದ್ದ ಜಾಗಕ್ಕೆ ಹೀಟ್ ಪಂಪ್ ಬಂದು, ಫರ್ನೇಸ್ ಕಡುಚಳಿಯ ದಿನಗಳಿಗಷ್ಟೇ ಮೀಸಲಾದರೆ ಅದು ಡ್ಯುಯಲ್ ಫ್ಯೂಯಲ್, ಅಂದರೆ ದ್ವಿ-ಇಂಧನ ವ್ಯವಸ್ಥೆ. ಅಲ್ಲಿ ಮನೆ ಕೊಂಡ ಕನ್ನಡಿಗರಿಗೂ ಹದಿನೈದು ವರ್ಷ ಹಳೆಯ ಏಸಿ ಕೈಕೊಟ್ಟ ದಿನ ಇದು ತುರ್ತು ಪ್ರಶ್ನೆಯಾಗುತ್ತದೆ. ಕಂಟ್ರಾಕ್ಟರ್ ಕೊಡುವ ಕೊಟೇಶನ್ನಿನಲ್ಲಿ ಯಂತ್ರದ ಬೆಲೆಯೂ ದಕ್ಷತೆಯ ಅಂಕಗಳೂ ಎದ್ದು ಕಾಣುತ್ತವೆ. ಹೊರಗಿನ ತಾಪಮಾನ ಎಷ್ಟಕ್ಕೆ ಇಳಿದಾಗ ವ್ಯವಸ್ಥೆ ವಿದ್ಯುತ್ತಿನಿಂದ ಗ್ಯಾಸಿಗೆ ಹೊರಳಬೇಕು ಎಂಬ ಸಂಖ್ಯೆ ಮಾತ್ರ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕಡಿಮೆ ಬಜೆಟ್ಟಿನ ಖರೀದಿಯಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ಈ ಹೊರಳು ಬಿಂದುವನ್ನೇ, ಯಂತ್ರದ ಆಯ್ಕೆ ಅದರ ನಂತರದ್ದು ಎಂಬುದು ಈ ಲೇಖನದ ವಾದ. ಉದಾಹರಣೆಗೆ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರವನ್ನು ತೆಗೆದುಕೊಂಡಿದ್ದೇನೆ. ಅಲ್ಲಿ ಜನವರಿಯ ಸರಾಸರಿ ತಾಪಮಾನ ಸುಮಾರು 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟ. ಬೇಸಿಗೆಯೋ ಸೆಕೆಯದು, ಬೆವರಿನದು. ಎರಡೂ ಋತುಗಳು ಯಂತ್ರವನ್ನು ದುಡಿಸುವ ಇಂಥ ಊರಿನಲ್ಲೇ ದ್ವಿ-ಇಂಧನದ ಪ್ರಶ್ನೆ ನಿಜವಾಗಿ ಹುಟ್ಟುವುದು.

ಎರಡು ಯಂತ್ರ, ಒಂದೇ ಗಾಳಿದಾರಿ

ಹೀಟ್ ಪಂಪ್ ಎಂದರೆ ಹಿಂದುಮುಂದಾಗಿಯೂ ಓಡಬಲ್ಲ ಏಸಿ. ಶೀತಕದ ಹರಿವಿನ ದಿಕ್ಕು ತಿರುಗಿಸುವ ರಿವರ್ಸಿಂಗ್ ವಾಲ್ವ್, ಹೊರಗಿನ ಕಾಯಿಲ್ ಮೇಲೆ ಕಟ್ಟುವ ಹಿಮ ಕರಗಿಸಲು ಡಿಫ್ರಾಸ್ಟ್ ನಿಯಂತ್ರಣ, ಜೊತೆಗೆ ಕೆಲವು ಸಣ್ಣ ಭಾಗಗಳು: ಒಂದೇ ಗಾತ್ರದ ಸಾದಾ ಏಸಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಈ ಹೆಚ್ಚುವರಿ ಭಾಗಗಳ ಬೆಲೆ ಸಾಮಾನ್ಯವಾಗಿ ಕೆಲವು ನೂರು ಡಾಲರ್ ದಾಟುವುದಿಲ್ಲ. ಉಪಕರಣಗಳ ಇಂಧನ ದಕ್ಷತೆಗಾಗಿ ದುಡಿಯುವ ಕ್ಲ್ಯಾಸ್ಪ್ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ತಿರುಳೂ ಇದೇ ಆಗಿತ್ತು: ಹೇಗೂ ಬದಲಾಯಿಸಲೇಬೇಕಾದ ಏಸಿಯ ಜಾಗಕ್ಕೆ ಹೀಟ್ ಪಂಪ್ ತನ್ನಿ, ಫರ್ನೇಸ್ ಇದ್ದಲ್ಲೇ ಇರಲಿ. ಮಿತವ್ಯಯದ ದೃಷ್ಟಿಯಿಂದ ಇದಕ್ಕಿಂತ ಗಟ್ಟಿಯಾದ ಆರಂಭ ನನಗೆ ಕಂಡಿಲ್ಲ. ಹಳೆಯ ಏಸಿಯ ವಿದ್ಯುತ್ ಸರ್ಕ್ಯೂಟನ್ನೇ ಹೊಸ ಯಂತ್ರಕ್ಕೆ ಬಳಸಿಕೊಳ್ಳಬಹುದು. ಗ್ಯಾಸನ್ನು ಪೂರ್ತಿ ಕೈಬಿಟ್ಟು ಕಡುಚಳಿಗೆ 10 ಕಿಲೋವ್ಯಾಟಿನ ವಿದ್ಯುತ್ ಕಾಯಿಲ್ ಹಾಕಿಸಿದರೆ ಹಳೆಯ ಮನೆಯ 100 ಆಂಪಿಯರ್ ಪ್ಯಾನೆಲ್ ಸಾಲದೆ ಹೋಗುವ ಸಂಭವವಿದೆ. ದ್ವಿ-ಇಂಧನದಲ್ಲಿ ಆ ಖರ್ಚು ಏಳುವುದಿಲ್ಲ.

ಎರಡೂ ಯಂತ್ರಗಳು ಒಂದೇ ಬ್ಲೋವರ್, ಒಂದೇ ಡಕ್ಟ್ ಹಂಚಿಕೊಳ್ಳುವುದರಿಂದ ಒಂದು ಕಟ್ಟುಪಾಡು ಹುಟ್ಟುತ್ತದೆ. ಒಳಗಿನ ಕಾಯಿಲ್ ಫರ್ನೇಸಿನ ಮುಂದೆ, ಗಾಳಿ ಹೊರಬರುವ ಕಡೆ ಕೂರುತ್ತದೆ. ಹಿಂದೆ ಕೂತರೆ ಬೇಸಿಗೆಯ ತಂಪುಗಾಳಿ ಫರ್ನೇಸಿನ ಉಷ್ಣ ವಿನಿಮಯಕದೊಳಗೆ ತೇವ ಕಟ್ಟಿಸಿ ತುಕ್ಕು ಹಿಡಿಸುತ್ತದೆ. ಆದರೆ ಮುಂದೆ ಇರುವ ಕಾಯಿಲ್ ಮೇಲೆ ಫರ್ನೇಸಿನ ಬಿಸಿಗಾಳಿ ಹಾದಾಗ ಶೀತಕಕ್ಕೆ ಶಾಖ ಬಿಟ್ಟುಕೊಡಲು ಆಸ್ಪದವಿಲ್ಲದೆ ಕಂಪ್ರೆಸರಿನ ಒತ್ತಡ ಮಿತಿಮೀರುತ್ತದೆ. ಹಾಗಾಗಿ ಡಿಫ್ರಾಸ್ಟ್‌ನ ಕೆಲವು ನಿಮಿಷಗಳನ್ನು ಬಿಟ್ಟರೆ ಎರಡೂ ಒಟ್ಟಿಗೆ ಓಡುವಂತಿಲ್ಲ. ವಿದ್ಯುತ್ ಕಾಯಿಲ್ ಹೀಟ್ ಪಂಪಿಗೆ ಹೆಗಲು ಕೊಡಬಲ್ಲದು. ಫರ್ನೇಸ್ ಹಾಗೆ ಕೊಡಲಾರದು, ಬಂದರೆ ಪೂರ್ತಿ ಹೊಣೆ ಹೊತ್ತೇ ಬರಬೇಕು. ಹೊರಳು ಬಿಂದುವಿಗೆ ಇಷ್ಟು ತೂಕ ಬಂದಿರುವುದು ಈ ಕಾರಣಕ್ಕೆ.

ಸಾಮರ್ಥ್ಯದ ಬಿಂದು, ಖರ್ಚಿನ ಬಿಂದು

ಹೊರಗೆ ಚಳಿ ಹೆಚ್ಚಿದಂತೆ ಮನೆ ಕಳೆದುಕೊಳ್ಳುವ ಶಾಖ ಏರುತ್ತದೆ, ಹೀಟ್ ಪಂಪ್ ಕೊಡಬಲ್ಲ ಶಾಖ ಇಳಿಯುತ್ತದೆ. ಎರಡು ಗೆರೆಗಳು ಕೂಡುವ ತಾಪಮಾನವೇ ಸಾಮರ್ಥ್ಯದ ಬಿಂದು. ಲೆಕ್ಕಕ್ಕೆ ಒಂದು ಕಲ್ಪಿತ ಮನೆ ಇಟ್ಟುಕೊಳ್ಳೋಣ. ಹೊರಗೆ 10 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಅದಕ್ಕೆ ಗಂಟೆಗೆ 40,000 ಬಿಟಿಯು (ಅಲ್ಲಿ ಶಾಖ ಅಳೆಯುವ ಮಾನ) ಶಾಖ ಬೇಕು, 65 ಡಿಗ್ರಿಯಲ್ಲಿ ಏನೂ ಬೇಡ. ಹಾಕಿಸುವುದು 3 ಟನ್ನಿನ, ಒಂದೇ ವೇಗದ ಅಗ್ಗದ ಹೀಟ್ ಪಂಪ್. ಅದು 47 ಡಿಗ್ರಿಯಲ್ಲಿ 35,000, 17 ಡಿಗ್ರಿಯಲ್ಲಿ 21,000 ಬಿಟಿಯು ಕೊಡುತ್ತದೆ ಎನ್ನೋಣ. ಈ ದರ್ಜೆಯ ಯಂತ್ರಗಳು ಚಳಿಯಲ್ಲಿ ಸೊರಗುವುದು ಹೆಚ್ಚುಕಡಿಮೆ ಈ ಪ್ರಮಾಣದಲ್ಲೇ. ಗೆರೆಗಳು ಕೂಡುವುದು 29 ಡಿಗ್ರಿಯ ಆಸುಪಾಸು, ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಮೈನಸ್ 2. ಅದಕ್ಕಿಂತ ಕೆಳಗೆ ಈ ಪಂಪ್ ಒಂದೇ ಈ ಮನೆಯನ್ನು ಬೆಚ್ಚಗಿಡಲಾರದು.

ಖರ್ಚಿನ ಬಿಂದು ಬೇರೆ. ಒಂದು ಯೂನಿಟ್ (ಕಿಲೋವ್ಯಾಟ್-ಗಂಟೆ) ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತದೆ ಎಂಬುದು ಸಿಒಪಿ, ಅಂದರೆ ಕಾರ್ಯಗುಣಾಂಕ. ಮೇಲಿನ ಪಂಪಿಗೆ ಅದು 47 ಡಿಗ್ರಿಯಲ್ಲಿ 3.5, 17 ಡಿಗ್ರಿಯಲ್ಲಿ 2.4 ಎಂದಿರಲಿ. ಗ್ಯಾಸನ್ನು ಅಲ್ಲಿ ಥರ್ಮ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಥರ್ಮ್ ಎಂದರೆ 29.3 ಯೂನಿಟ್ ಶಾಖ. ಥರ್ಮಿಗೆ 1.50 ಡಾಲರ್, ಫರ್ನೇಸಿನ ವಾರ್ಷಿಕ ದಕ್ಷತೆ ಶೇ. 80 ಎಂದುಕೊಂಡರೆ ಮನೆಯೊಳಗೆ ಬಂದ ಒಂದು ಯೂನಿಟ್ ಗ್ಯಾಸ್ ಶಾಖದ ಬೆಲೆ 6.4 ಸೆಂಟ್. ವಿದ್ಯುತ್ ಯೂನಿಟ್ಟಿಗೆ 16 ಸೆಂಟ್ ಆದರೆ ಸಿಒಪಿ 2.5 ಇರುವವರೆಗೆ ಹೀಟ್ ಪಂಪ್ ಲಾಭದ್ದು, ಅಂದರೆ ಸುಮಾರು 20 ಡಿಗ್ರಿಯವರೆಗೆ. ಇಲ್ಲಿ ಸಾಮರ್ಥ್ಯವೇ ಮೊದಲು ಮುಗಿಯುತ್ತದೆ, ಹೊರಳು ಬಿಂದು 29.

ಈಗ ಇದೇ ಲೆಕ್ಕದಲ್ಲಿ ಫರ್ನೇಸನ್ನು ಶೇ. 96 ದಕ್ಷತೆಯದಕ್ಕೆ ಬದಲಿಸಿ ನೋಡಿ. ಗ್ಯಾಸ್ ಶಾಖ 5.3 ಸೆಂಟಿಗೆ ಇಳಿಯುತ್ತದೆ, ಹೀಟ್ ಪಂಪಿನಿಂದ ಬೇಕಾದ ಸಿಒಪಿ 3ಕ್ಕೆ ಏರುತ್ತದೆ, ಖರ್ಚಿನ ಬಿಂದು 33 ಡಿಗ್ರಿಗೆ ಜಿಗಿಯುತ್ತದೆ. ಒಳ್ಳೆಯ ಫರ್ನೇಸ್ ಹೀಟ್ ಪಂಪಿನ ದುಡಿಮೆಯ ಗಂಟೆಗಳನ್ನು ಕಸಿಯಿತು. ಪಂಪ್ ಹೆಚ್ಚು ದುಡಿದರೆ ದುಬಾರಿ ಫರ್ನೇಸ್ ಉರಿಯದೆ ಕೂರುತ್ತದೆ. ಎರಡನ್ನೂ ಮೇಲ್ದರ್ಜೆಯದಾಗಿ ಕೊಳ್ಳುವವರು ಒಂದೇ ಉಳಿತಾಯಕ್ಕೆ ಎರಡು ಸಲ ಹಣ ತೆರುತ್ತಾರೆ. ಮಾರಾಟಗಾರರು ‘ಎರಡೂ ಹೈ ಎಫಿಶಿಯೆನ್ಸಿ’ ಎಂದು ಹೊಗಳುವ ಪ್ಯಾಕೇಜು ಕಡಿಮೆ ಬಜೆಟ್ಟಿನವರಿಗೆ ಹೊಂದುವುದು ಅಪರೂಪ.

ಶೇ. 96ರ ಫರ್ನೇಸಿನ ಜೊತೆ ಇನ್ನೊಂದು ಖರ್ಚು ಸದ್ದಿಲ್ಲದೆ ಬರುತ್ತದೆ. ಶೇ. 80ರದು ತನ್ನ ಬಿಸಿ ಹೊಗೆಯನ್ನು ಹಳೆಯ ಚಿಮಣಿಗೆ ಬಿಡುತ್ತದೆ, ಎಷ್ಟೋ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರೂ ಅದೇ ಚಿಮಣಿಯನ್ನು ಹಂಚಿಕೊಂಡಿರುತ್ತದೆ. ಹೊಸದು ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯಾಚೆ ಉಸಿರು ಬಿಡುವಂಥದ್ದು, ಅದಕ್ಕೆ ನೀರು ಹರಿದುಹೋಗುವ ಕೊಳವೆಯೂ ಬೇಕು. ಆಮೇಲೆ ದೊಡ್ಡ ಚಿಮಣಿಯಲ್ಲಿ ಒಂಟಿಯಾಗುವ ವಾಟರ್ ಹೀಟರಿನ ಹೊಗೆ ಸರಿಯಾಗಿ ಮೇಲೇರದೆ ಮನೆಯೊಳಗೆ ಮರಳುವ ಅಪಾಯವಿದೆ. ಚಿಮಣಿಗೆ ಒಳಪದರ ಹಾಕಿಸುವ ಖರ್ಚನ್ನು ಕೊಟೇಶನ್ನಿನಲ್ಲಿ ಹುಡುಕಿ ನೋಡಬೇಕು.

ಯಾವ ದರ?

ಮೇಲಿನ ಲೆಕ್ಕದ ಮೃದುವಾದ ಜಾಗ 16 ಸೆಂಟ್ ಎಂಬ ಸಂಖ್ಯೆ. ಬಿಲ್ಲಿನ ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿದರೆ ಬರುವ ಸರಾಸರಿ ದರ ಇಲ್ಲಿ ದಾರಿ ತಪ್ಪಿಸುತ್ತದೆ. ಅದರೊಳಗೆ ಬಳಸಿದರೂ ಬಳಸದಿದ್ದರೂ ಕೊಡಬೇಕಾದ ತಿಂಗಳ ನಿಗದಿ ಶುಲ್ಕ ಸೇರಿರುತ್ತದೆ. ನಮಗೆ ಬೇಕಾದದ್ದು ಮುಂದಿನ ಒಂದು ಯೂನಿಟ್ಟಿನ ಬೆಲೆ. ಸೇಂಟ್ ಲೂಯಿಸ್‌ಗೆ ವಿದ್ಯುತ್ ಕೊಡುವ ಅಮೆರೆನ್ ಮಿಸೌರಿಯ ಸಾಂಪ್ರದಾಯಿಕ ಗೃಹದರದಲ್ಲಿ ಚಳಿಗಾಲದ ದರ ಬೇಸಿಗೆಯದಕ್ಕಿಂತ ಕಡಿಮೆ. ಅಷ್ಟೇ ಅಲ್ಲ, ಚಳಿಗಾಲದಲ್ಲಿ ಒಂದು ಮಟ್ಟದ ಬಳಕೆ ದಾಟಿದ ಮೇಲೆ ದರ ಮತ್ತೂ ಇಳಿಯುತ್ತದೆ. ಬಳಸಿದಷ್ಟೂ ಸ್ಲ್ಯಾಬ್ ಏರುವುದನ್ನೇ ಬಹುಕಾಲ ಕಂಡಿರುವ ಕರ್ನಾಟಕದವರಿಗೆ ಇದು ತಲೆಕೆಳಗಾದ ಲೆಕ್ಕವಾಗಿ ಕಂಡೀತು. ಹೀಟ್ ಪಂಪ್ ಬಳಸುವ ಯೂನಿಟ್ಟುಗಳೆಲ್ಲ ಬಹುಪಾಲು ಈ ಅಗ್ಗದ ಹಂತದಲ್ಲೇ ಬೀಳುತ್ತವೆ. ಆ ಹಂತದ ದರ 10 ಸೆಂಟ್ ಎಂದಿಟ್ಟುಕೊಂಡರೆ ಶೇ. 96ರ ಫರ್ನೇಸಿನ ಎದುರೂ 1.9ರ ಸಿಒಪಿ ಸಾಕು, ಖರ್ಚಿನ ಬಿಂದು 33ರಿಂದ 3 ಡಿಗ್ರಿಗೆ ಕುಸಿಯುತ್ತದೆ. ಅದೇ ಮನೆ, ಅದೇ ಯಂತ್ರ. ಬದಲಾದದ್ದು ಬಿಲ್ಲಿನ ಯಾವ ಸಾಲನ್ನು ಓದಿದೆವು ಎಂಬುದಷ್ಟೇ.

ಗ್ಯಾಸಿನ ಕಡೆಗೂ ಇದೇ ಎಚ್ಚರ ಬೇಕು. ಫರ್ನೇಸ್ ವರ್ಷಕ್ಕೆ ಹದಿನೈದು ದಿನ ಉರಿದರೂ ಗ್ಯಾಸ್ ಕಂಪನಿಯ ನಿಗದಿ ಶುಲ್ಕ ಹನ್ನೆರಡು ತಿಂಗಳೂ ಬರುತ್ತದೆ. ಹೊರಳು ಬಿಂದುವಿನ ಲೆಕ್ಕಕ್ಕೆ ಅದು ಸೇರದು, ಗ್ಯಾಸ್ ಸಂಪರ್ಕ ಇರಬೇಕೇ ಎಂಬ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಹಳ್ಳಿಗಾಡಿನಲ್ಲಿ ಟ್ಯಾಂಕಿನ ಪ್ರೊಪೇನ್ ಬಳಸುವ ಮನೆಗಳಿಗೆ ಇಷ್ಟು ಗುಣಾಕಾರವೂ ಬೇಡ. ಗ್ಯಾಲನ್ನಿಗೆ 2.50 ಡಾಲರ್ ಆದಲ್ಲಿ, ವಿದ್ಯುತ್ 16 ಸೆಂಟ್, ಫರ್ನೇಸ್ ಶೇ. 96ರದು ಎಂದುಕೊಂಡರೂ ಸಿಒಪಿ ಸುಮಾರು 1.6 ದಾಟಿದರೆ ಹೀಟ್ ಪಂಪ್ ಅಗ್ಗ, ಸಾಮರ್ಥ್ಯ ಇರುವವರೆಗೂ ಅದನ್ನೇ ಓಡಿಸಬೇಕು.

ಖರ್ಚು ಮತ್ತು ಇಂಗಾಲ ಒಂದೇ ದಿಕ್ಕಿಗೆ ಎಳೆಯುತ್ತವೆ ಎಂದು ಭಾವಿಸುವುದೂ ಆತುರ. 2023ರಲ್ಲೂ ಮಿಸೌರಿಯ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲಿನಿಂದ ಬರುತ್ತಿತ್ತು. ಶೇ. 80ರ ಫರ್ನೇಸಿನ ಒಂದು ಯೂನಿಟ್ ಶಾಖಕ್ಕೆ ಸುಮಾರು 0.23 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 1 ಕಿಲೋ. ಹೀಟ್ ಪಂಪ್ ಬೇಡುವ ಹೆಚ್ಚುವರಿ ವಿದ್ಯುತ್ ಪೂರ್ತಿ ಕಲ್ಲಿದ್ದಲಿನದೇ ಆದ ಗಂಟೆಯಲ್ಲಿ ಸಿಒಪಿ 4.3 ಮೀರದೆ ಅದು ಗೆಲ್ಲದು. ಗ್ಯಾಸ್ ಕೊಳವೆಗಳ ಮೀಥೇನ್ ಸೋರಿಕೆಯನ್ನು ಸೇರಿಸಿದರೆ ಅಂತರ ಕಡಿಮೆಯಾಗುತ್ತದೆ. ಗಾಳಿ ವಿದ್ಯುತ್ ಹೆಚ್ಚಿರುವ ನೆರೆಯ ಅಯೋವದಲ್ಲಿ ಚಿತ್ರವೇ ಬೇರೆ.

ಹಣ ಎಲ್ಲಿಗೆ ಹೋಗಬೇಕು

2023ರ ಜನವರಿ 1ರಿಂದ ಅಮೆರಿಕದಲ್ಲಿ ಇಂಥ ಯಂತ್ರಗಳ ದಕ್ಷತೆ ಅಳೆಯುವ ಹೊಸ ಪರೀಕ್ಷಾ ಕ್ರಮ ಬಂದಿದೆ. ಸ್ಪ್ಲಿಟ್ ಹೀಟ್ ಪಂಪಿಗೆ ತಂಪಿನ ದಕ್ಷತೆ ತೋರುವ ಸೀರ್-2 ಅಂಕ ಕನಿಷ್ಠ 14.3, ತಾಪನದ ದಕ್ಷತೆ ತೋರುವ ಎಚ್‌ಎಸ್‌ಪಿಎಫ್-2 ಅಂಕ 7.5. ದ್ವಿ-ಇಂಧನಕ್ಕೆ ಈ ಕನಿಷ್ಠ ದರ್ಜೆಯೇ ಬಹಳ ಸಲ ಸಾಕು ಎಂದು ನಾನು ಭಾವಿಸುತ್ತೇನೆ. ಕಡುಚಳಿಯಲ್ಲಿ ದುಡಿಯಲೆಂದು ಮಾಡಿದ ದುಬಾರಿ ಇನ್ವರ್ಟರ್ ಪಂಪಿನ ಗುಣ ಹೊರಬರುವುದು ಫರ್ನೇಸ್ ಹೇಗೂ ಹೊಣೆ ಹೊರುವ ತಾಪಮಾನದಲ್ಲಿ. ಹೀಟ್ ಪಂಪಿಗೆ 2,000 ಡಾಲರ್‌ವರೆಗೆ ಸಿಗುತ್ತಿದ್ದ ಕೇಂದ್ರದ ಆದಾಯ ತೆರಿಗೆ ರಿಯಾಯಿತಿ ಒಂದು ಆಕರ್ಷಣೆಯಾಗಿತ್ತು. ಕನಿಷ್ಠ ದರ್ಜೆಯ ಯಂತ್ರಗಳು ಅದಕ್ಕೆ ಅರ್ಹವಾಗಿರಲಿಲ್ಲ, 2025ರ ಡಿಸೆಂಬರ್ 31ಕ್ಕೆ ಆ ರಿಯಾಯಿತಿಯೂ ಮುಗಿಯಿತು. ರಾಜ್ಯಗಳ ಮತ್ತು ವಿದ್ಯುತ್ ಕಂಪನಿಗಳ ರಿಯಾಯಿತಿ ಊರಿಂದೂರಿಗೆ ಬೇರೆ.

ಶೀತಕದ ಬಗ್ಗೆ ಒಂದು ಮಾತು. 2025ರಿಂದ ತಯಾರಾಗುವ ಹೊಸ ಯಂತ್ರಗಳಲ್ಲಿ ಆರ್-410ಎ ಬದಲು ಆರ್-454ಬಿ ಇಲ್ಲವೇ ಆರ್-32 ಇರುತ್ತದೆ. ಇವು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳಬಲ್ಲ ವರ್ಗದವು. ಗೋದಾಮಿನಲ್ಲಿ ಉಳಿದ ಹಳೆಯ ಸರಕು ಅಗ್ಗಕ್ಕೆ ಸಿಕ್ಕರೆ ಅದನ್ನು ಅಳವಡಿಸಲು ಇನ್ನೂ ಅವಕಾಶವಿದೆಯೇ ಎಂದು ಮೊದಲು ವಿಚಾರಿಸಬೇಕು, ಮುಂದೆ ಅದರ ಶೀತಕ ತುಟ್ಟಿಯಾಗುವ ಸಾಧ್ಯತೆಯನ್ನೂ ಆ ಬೆಲೆಯೊಳಗೇ ಎಣಿಸಬೇಕು.

ಯಂತ್ರದಲ್ಲಿ ಉಳಿಸಿದ ಹಣ ಅಳತೆಗೆ ಹೋಗಲಿ. ಮನೆಯ ಶಾಖನಷ್ಟವನ್ನು ಕೋಣೆ ಕೋಣೆಯಾಗಿ ಲೆಕ್ಕ ಹಾಕುವ ‘ಮ್ಯಾನ್ಯುಯಲ್ ಜೆ’ ವಿಧಾನ ಅಲ್ಲಿ ಸರ್ವಮಾನ್ಯ. ಆದರೂ ಹಳೆಯ ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಅದೇ ಗಾತ್ರ ಬರೆದುಕೊಡುವವರು ಕಡಿಮೆಯಿಲ್ಲ. ಸಾಮರ್ಥ್ಯದ ಬಿಂದು ಇಳಿಯಲೆಂದು 3 ಟನ್ನಿನ ಜಾಗಕ್ಕೆ 4 ಟನ್ ಹಾಕಿಸುವ ಉಪಾಯ ಸೇಂಟ್ ಲೂಯಿಸ್‌ನಲ್ಲಿ ತಿರುಗುಬಾಣ. ಬೇಸಿಗೆಯಲ್ಲಿ ಯಂತ್ರ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿಯುತ್ತದೆ. ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಡುವ ಪಂಪಿಗೆ ಹಳೆಯ ಡಕ್ಟ್ ಇಕ್ಕಟ್ಟೂ ಆದೀತು. ಒಳಗಿನ ಕಾಯಿಲ್ ಮತ್ತು ಹೊರಗಿನ ಯಂತ್ರ ಪರಸ್ಪರ ಹೊಂದುತ್ತವೆ ಎಂದು ತಿಳಿಸುವ ಎಎಚ್‌ಆರ್‌ಐ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಹಳೆಯ ಫರ್ನೇಸ್ ಉಳಿಸಿಕೊಳ್ಳುವವರು ಅದರ ಉಷ್ಣ ವಿನಿಮಯಕದಲ್ಲಿ ಬಿರುಕಿಲ್ಲವೆಂದು ಪರೀಕ್ಷೆ ಮಾಡಿಸದೆ ಮುಂದುವರಿಯಬಾರದು. ಅದು ಕಾರ್ಬನ್ ಮಾನಾಕ್ಸೈಡಿನ ವಿಷಯ, ಜಿಪುಣತನಕ್ಕೆ ಅಲ್ಲಿ ಜಾಗವಿಲ್ಲ.

ಕೊನೆಗೆ ಥರ್ಮೋಸ್ಟ್ಯಾಟ್. ಹೊರಗಿನ ತಾಪಮಾನ ತಿಳಿಯುವ, ಹೊರಳು ಬಿಂದುವನ್ನು ಮನೆಯವರೇ ಬದಲಿಸಬಲ್ಲ ಸಾದಾ 24 ವೋಲ್ಟಿನ ಥರ್ಮೋಸ್ಟ್ಯಾಟ್ ಸಾಕು. ಒಂದೇ ಕಂಪನಿಯ ಯಂತ್ರಗಳ ಜೊತೆ ಮಾತ್ರ ಮಾತಾಡುವ ನಿಯಂತ್ರಕ ಹಾಕಿಸಿದರೆ ಮುಂದೆ ಬೇರೆ ಕಂಪನಿಯ ಅಗ್ಗದ ಬಿಡಿಯಂತ್ರ ತರುವ ದಾರಿ ಮುಚ್ಚುತ್ತದೆ. ಹೀಟ್ ಪಂಪಿನ ಗಾಳಿ ಸುಮಾರು 90ರಿಂದ 100 ಡಿಗ್ರಿ, ಫರ್ನೇಸಿನದು 120ಕ್ಕೂ ಮೇಲೆ. ‘ತಣ್ಣನೆ ಗಾಳಿ ಬರುತ್ತಿದೆ’ ಎಂಬ ದೂರಿಗೆ ಹೆದರಿ ಅನೇಕ ಅಳವಡಿಕೆಗಾರರು ಹೊರಳು ಬಿಂದುವನ್ನು 35 ಅಥವಾ 40 ಡಿಗ್ರಿಗೆ ಇಟ್ಟು ಹೋಗುತ್ತಾರೆ. ಜನವರಿಯ ಸರಾಸರಿಯೇ 32 ಇರುವ ಊರಿನಲ್ಲಿ ಅಷ್ಟು ಖರ್ಚು ಮಾಡಿ ತಂದ ಹೀಟ್ ಪಂಪ್ ಚಳಿಗಾಲದ ನಡುಭಾಗದ ಬಹುಪಾಲು ಸುಮ್ಮನೆ ಕೂತಂತಾಯಿತು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಈ ನಿರ್ಧಾರ ಅಳವಡಿಕೆಗಾರನ ಕೈಯಲ್ಲಿಲ್ಲ. ಹೈಡ್ರೋ-ಕ್ವಿಬೆಕ್‌ನ ‘ಡಿಟಿ’ ಎಂಬ ದ್ವಿ-ಇಂಧನ ದರದಲ್ಲಿ ತಾಪಮಾನ ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ, ಹೆಚ್ಚು ಚಳಿಯ ಪ್ರದೇಶಗಳಲ್ಲಿ ಮೈನಸ್ 15ಕ್ಕಿಂತ, ಕೆಳಗಿಳಿದೊಡನೆ ವಿದ್ಯುತ್ ತುಟ್ಟಿಯಾಗುತ್ತದೆ. ಹೊರಳು ಬಿಂದುವನ್ನು ದರಪಟ್ಟಿಯೇ ಬರೆದುಕೊಟ್ಟಿದೆ. ಮಿಸೌರಿ ಹಿಡಿದ ದಿಕ್ಕು ಬೇರೆ. ಅಲ್ಲಿನ ಕ್ಯಾನ್ಸಸ್ ಸಿಟಿ ಭಾಗದಲ್ಲಿ ವಿದ್ಯುತ್ ಕಂಪನಿ ಎವರ್ಜಿಯ ಗ್ರಾಹಕರಿಗೆ 2023ರ ಕೊನೆಯಲ್ಲಿ ಸಮಯಾಧಾರಿತ ದರವೇ ನಿಯಮವಾಯಿತು. ಇಂಥ ದರ ಇರುವವರ ಮನೆಯಲ್ಲಿ ಮಧ್ಯರಾತ್ರಿಯ 15 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೀಟ್ ಪಂಪ್ ಅಗ್ಗವಾಗಿ, ಸಂಜೆಯ 30 ಡಿಗ್ರಿಯಲ್ಲಿ ಫರ್ನೇಸ್ ಅಗ್ಗವಾಗಿ ಇರಬಹುದು. ಆ ಮನೆಗೆ ಒಂದೇ ಹೊರಳು ಬಿಂದು ಎಂಬುದಿಲ್ಲ, ಗಂಟೆಗೊಂದು ಇದೆ. ಹೊರಗಿನ ತಾಪಮಾನವೊಂದನ್ನೇ ನೋಡುವ ಇಂದಿನ ಅಗ್ಗದ ಥರ್ಮೋಸ್ಟ್ಯಾಟಿಗೆ ಅದನ್ನು ಹೇಳುವ ಉಪಾಯವಿಲ್ಲ.