‘ನಾವು ಮಾಡಿದ್ವಿ’: ಸಂದರ್ಶನದ ಸಿದ್ಧ ಉತ್ತರ ಮತ್ತು ಬಂಕಾಪುರದ ಒಂದು ಹಳೆಯ ಸಾಕ್ಷ್ಯ

ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ, ಮನಸ್ಸಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕಿಂತ ಮೇಲು ಎಂಬುದರಲ್ಲಿ ಈಗ ಹೆಚ್ಚು ತಕರಾರಿಲ್ಲ. ಸ್ಮಿತ್ ಮತ್ತು ಹಂಟರ್ 1998ರಲ್ಲಿ ಅದರ ಸಿಂಧುತ್ವವನ್ನು, ಅಂದರೆ ಅದರ ಅಂಕಗಳು ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಸೂಚಿಸುತ್ತವೆ ಎಂಬುದನ್ನು, 0.51 ಎಂದು ಲೆಕ್ಕ ಹಾಕಿದ್ದರು. ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಅದನ್ನು 0.42ಕ್ಕೆ ಇಳಿಸಿದರು, ಆದರೂ ಅವರ ಲೆಕ್ಕದಲ್ಲಿ ಆಯ್ಕೆಯ ವಿಧಾನಗಳ ಸಾಲಿನ ಮೊದಲ ಸ್ಥಾನ ಅದಕ್ಕೇ ಸಿಕ್ಕಿತು.

ತಕರಾರು ಇರುವುದು ಸಿದ್ಧ ಉತ್ತರದ ಬಗ್ಗೆ. ಉದ್ಯೋಗ ಹುಡುಕುವ ಪದವಿ ವಿದ್ಯಾರ್ಥಿಗಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಸಂದರ್ಶನದಲ್ಲಿ ಒಂದಿಲ್ಲೊಂದು ಬಗೆಯಲ್ಲಿ ಬಣ್ಣ ಕಟ್ಟುತ್ತಾರೆ ಎಂದು ಲೆವಶಿನಾ ಮತ್ತು ಕ್ಯಾಂಪಿಯನ್ 2007ರಲ್ಲಿ ಬರೆದರು. ಈ ಅಂಕಿಯನ್ನು ಹಿಡಿದು ‘ಮನೆಯಲ್ಲಿ ತಯಾರಿಸಿದ ಉತ್ತರವೆಂದರೆ ಸುಳ್ಳು’ ಎನ್ನುವವರಿದ್ದಾರೆ. ಅದೇ ಲೇಖನದಲ್ಲಿ ಸಣ್ಣ ಒಪ್ಪ-ಓರಣಕ್ಕೂ ಅಪ್ಪಟ ಸುಳ್ಳಿಗೂ ಬೇರೆ ಬೇರೆ ಲೆಕ್ಕವಿದೆ ಎಂಬುದನ್ನು ಅವರು ಮರೆಯುತ್ತಾರೆ. ತಯಾರಿಯೆಲ್ಲ ಸುಳ್ಳೇ ಆಗಿದ್ದರೆ, ಸಂದರ್ಶನಕ್ಕೆ ತರಬೇತಿ ಪಡೆದವರ ಅಂಕಗಳೇ ಮುಂದಿನ ಕೆಲಸವನ್ನು ಹೆಚ್ಚು ಸರಿಯಾಗಿ ಸೂಚಿಸಿದವು ಎಂದು ಮೌರರ್ ಮತ್ತು ಸಂಗಡಿಗರು 2008ರಲ್ಲಿ ಕಂಡುಕೊಂಡದ್ದು ಹೇಗೆ? ಉತ್ತರದ ಸುಳಿವು ನಮ್ಮ ಭಾಷೆಯಲ್ಲೇ ಇದೆ ಎಂಬುದು ನನ್ನ ವಾದ.

ಮಾದರಿಗೆ ಒಂದು ಉತ್ತರ ಕಟ್ಟಿಕೊಳ್ಳೋಣ. ಬಂಕಾಪುರದ ಡಿಪ್ಲೊಮಾ ಹುಡುಗನೊಬ್ಬ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಕೂತಿದ್ದಾನೆ. ‘ನಿಮ್ಮ ಬಗ್ಗೆ ಹೇಳ್ರಿ.’ ‘ನಮ್ಮದು ಬಂಕಾಪುರ್ರಿ. ಅಪ್ಪಾರು ಒಕ್ಕಲುತನ ಮಾಡ್ತಾರ. ಪ್ರಾಜೆಕ್ಟಿನ್ಯಾಗ ನಾವು ಗೋವಿನಜೋಳದ ರಾಶಿ ಮಾಡೋ ಮಷಿನ್ ಮಾಡಿದ್ವಿರಿ.’ ಅಂಕಪಟ್ಟಿಯಲ್ಲಿ ‘ಅಭ್ಯರ್ಥಿಯ ಸ್ವಂತ ಕೆಲಸ’ ಎಂಬ ಕಲಮು ಖಾಲಿ ಉಳಿಯುತ್ತದೆ.

ಇಲ್ಲಿ ಬಹುವಚನ ಎರಡು. ಒಬ್ಬನೇ ಮಗನಾದರೂ ‘ನಮ್ಮವ್ವ’ ಅನ್ನುತ್ತಾನೆ, ‘ನನ್ನವ್ವ’ ಅನ್ನುವುದಿಲ್ಲ; ‘ನಮ್ಮದು ಬಂಕಾಪುರ’ ಅನ್ನುವಾಗಲೂ ಮಾತಾಡುತ್ತಿರುವವನು ಒಬ್ಬನೇ. ಆದರೆ ‘ಮಾಡಿದ್ವಿ’ಯಲ್ಲಿ ನಾಲ್ವರು ಗೆಳೆಯರೂ ಇರಬಹುದು, ಅವನೊಬ್ಬನೇ ಇರಬಹುದು. ಕೇಳುವವನಿಗೆ ಇದು ಬಗೆಹರಿಯದು. ಹುಡುಗ ಯಾರದೋ ಬೆನ್ನ ಹಿಂದೆ ಅಡಗಿದ್ದಾನೆ ಅನಿಸುತ್ತದೆ. ತಯಾರಿಯೆಂದರೆ ಈ ‘ನಾವು’ವಿನ ಒಳಗಿನ ‘ನಾನು’ವನ್ನು ಹೆಕ್ಕಿ ತೆಗೆಯುವುದು: ‘ಜರಡಿ ಕಟ್ಟಿಕೊಳ್ತಿತ್ತು, ತೂತು ದೊಡ್ಡದು ಮಾಡಿದಾಂವ ನಾನರಿ.’ ಇದರಲ್ಲಿ ಬಣ್ಣವಿಲ್ಲ, ಇದ್ದ ಮಾಹಿತಿ ಹೊರಬಂದಿದೆ ಅಷ್ಟೆ.

‘ನಾನು’ ಎನ್ನುವುದೇ ನಮ್ಮ ನೆಲದ ಗುಣಕ್ಕೆ ವಿರುದ್ಧ ಎಂದು ಆಕ್ಷೇಪಿಸಬಹುದು. ಬಂಕಾಪುರಕ್ಕೆ ಹತ್ತಿರದ ಬಾಡದಲ್ಲಿ ಹುಟ್ಟಿದ ಕನಕದಾಸರ ‘ನಾನು ಹೋದರೆ ಹೋದೇನು’ (ಅಹಂ ಅಳಿದರಷ್ಟೇ ಮುಕ್ತಿ) ಎಂಬ ಕಥೆಯನ್ನು ಸಾಕ್ಷಿಗೆ ತರುವವರಿಗೆ ಬರವಿಲ್ಲ. ನಾನು ಅದೇ ಬಂಕಾಪುರದಿಂದ ಇನ್ನೊಂದು ಸಾಕ್ಷಿ ಕರೆಯುತ್ತೇನೆ: ಅಲ್ಲಿದ್ದ ಅಜಿತಸೇನಾಚಾರ್ಯರ ಶಿಷ್ಯ, ಕವಿ ರನ್ನ. 993ರ ಅಜಿತಪುರಾಣದಲ್ಲಿ ಆತ ತನ್ನ ಊರು ಮುದುವೊಳಲು, ಬಳೆಗಾರರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು, ಆಶ್ರಯದಾತೆ ಅತ್ತಿಮಬ್ಬೆ ಎಲ್ಲವನ್ನೂ ಹೇಳುತ್ತಾನೆ. ತನ್ನ ಕಾವ್ಯಶಕ್ತಿಯನ್ನೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾನೆ. ಊರನ್ನು ಬಿಡದೆಯೇ ‘ನಾನು’ ಎನ್ನುವ ಮಾದರಿ ಕನ್ನಡಕ್ಕೆ ಹೊಸದಲ್ಲ.

ಹೋಲಿಕೆಯನ್ನು ಜಗ್ಗಬಾರದು. ರನ್ನ ನೌಕರಿ ಕೇಳುತ್ತಿರಲಿಲ್ಲ. ಕವಿಚಕ್ರವರ್ತಿ ಎಂಬ ಬಿರುದು ಪಡೆದವನ ಮಾತದು, ಆತ್ಮಪ್ರಶಂಸೆ ಚಂಪೂಕಾವ್ಯದ ರೂಢಿಯೂ ಹೌದು. ಹಾಗಾಗಿ ಇದು ಮನೋವಿಜ್ಞಾನಕ್ಕೆ ಪುರಾವೆಯಲ್ಲ. ‘ನಮ್ಮಲ್ಲಿ ಹೀಗಿಲ್ಲ’ ಎಂಬ ಮಾತಿಗೆ ಎದುರು ಉದಾಹರಣೆ ಮಾತ್ರ. ವಾದದ ವ್ಯಾಪ್ತಿಯೂ ಕಿರಿದು: ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿದೆ.

ಆಗಬೇಕಾದ ಪರೀಕ್ಷೆ ಕಷ್ಟದ್ದೇನಲ್ಲ. ಒಂದೇ ಉತ್ತರವನ್ನು ‘ನಾನು’ ಹಾಕಿ ಒಮ್ಮೆ, ‘ನಾವು’ ಹಾಕಿ ಒಮ್ಮೆ ಓದಿಸಿ, ಬಂಕಾಪುರವಿರುವ ಹಾವೇರಿ ಸೀಮೆಯ ಸಂದರ್ಶಕರಿಂದಲೂ ಬೆಂಗಳೂರಿನವರಿಂದಲೂ ಅಂಕ ಹಾಕಿಸಬೇಕು. ‘ನಮ್ಮದು’ ಎಂದರೇನೆಂದು ಬಲ್ಲ ಹಾವೇರಿಯವರ ಪಟ್ಟಿಯಲ್ಲಿ ‘ಸ್ವಂತ ಕೆಲಸ’ದ ಕಲಮು ಖಾಲಿ ಉಳಿಯದೇ ಹೋದರೆ, ದೋಷ ಉತ್ತರದ್ದೋ ಕಿವಿಯದ್ದೋ ಎಂಬ ಪ್ರಶ್ನೆಯನ್ನು ಹೊಸದಾಗಿ ಎತ್ತಬೇಕಾಗುತ್ತದೆ.